ಎಪ್ಪತ್ತೊಂದನೆಯ ಸ್ಟಾಂಪು

ಶಂಭುಲಿಂಗಪ್ಪನವರು ನಂಜನಗೂಡಿನ ಉಪಖಜಾನೆಯಲ್ಲಿ ಮೂವತ್ತೊಂದು ವರ್ಷ ಸ್ಟಾಂಪು, ಛಾಪಾ ಕಾಗದಗಳ ದಾಸ್ತಾನು ನೋಡಿಕೊಂಡಿದ್ದವರು. ಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಅಷ್ಟು ವರ್ಷಗಳಲ್ಲಿ ಅವರನ್ನು ಹುಡುಕಿಕೊಂಡು ಬಂದದ್ದು ಒಬ್ಬರೇ, ನರಸೀಪುರದ ಚಾಮಯ್ಯ.

ಚಾಮಯ್ಯ ಮೈಸೂರಿನ ಒಂದು ಕ್ಲಬ್ಬಿನ ಇಸ್ಪೀಟು ಕೋಣೆಯಲ್ಲಿ ಅಟೆಂಡರ್ ಆಗಿದ್ದರು. ಅಲ್ಲಿನ ಬೀರುವಿನಲ್ಲಿ ಯಾವ ಕಾಲದಲ್ಲೋ ಯಾರೋ ತಂದಿಟ್ಟ ಅಮೆರಿಕದ ಇಸ್ಪೀಟು ಕಟ್ಟುಗಳಿದ್ದವು. ಒಂದೊಂದು ಕಟ್ಟಿಗೂ ನೀಲಿ ಬಣ್ಣದ ಸುಂಕದ ಸ್ಟಾಂಪು. ಕಟ್ಟು ಒಡೆದಾಗಲೆಲ್ಲ ಚಾಮಯ್ಯ ಸ್ಟಾಂಪನ್ನು ಬಿಡಿಸಿ ಊದಿನಕಡ್ಡಿಯ ಡಬ್ಬಿಯಲ್ಲಿಟ್ಟುಕೊಂಡರು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಒಮ್ಮೆ ನಂಜುಂಡೇಶ್ವರನಿಗೆ ಮುಡಿ ಕೊಡಲು ಬಂದವರು, ಇಂಥದನ್ನು ತಿಳಿದವರು ಯಾರೆಂದು ಖಜಾನೆಯಲ್ಲಿ ವಿಚಾರಿಸಿದರು. ಅಲ್ಲಿಯವರು ನಮ್ಮ ಮನೆ ತೋರಿಸಿದರು. ಇದು ೧೯೯೫ರ ಜನವರಿ.

ಅಂದಿನಿಂದ ತಿಂಗಳ ಮೊದಲ ಭಾನುವಾರ ಚಾಮಯ್ಯ ಬಸ್ಸಿನಲ್ಲಿ ಬರುತ್ತಿದ್ದರು. ತರುತ್ತಿದ್ದುದು ಒಂದೇ ಸ್ಟಾಂಪು. ಶಂಭುಲಿಂಗಪ್ಪನವರು ಭೂತಗನ್ನಡಿ ಹಿಡಿದು, ಹಳೆಪುಸ್ತಕದಂಗಡಿಯಿಂದ ತಂದ ಕ್ಯಾಟಲಾಗು ತೆರೆದು, ಗಂಟೆಗಟ್ಟಲೆ ನೋಡುತ್ತಿದ್ದರು. ಸುಂಕ ಏರಿದಾಗ ಹಳೆಯ ಸ್ಟಾಂಪಿನ ಮೇಲೆ ಹೊಸ ದರವನ್ನು ಅಚ್ಚೊತ್ತುತ್ತಿದ್ದರು. ಆಮೇಲೆ ಇಸ್ಪೀಟು ಕಂಪನಿ ತನ್ನ ಹೆಸರಿನ ಅಕ್ಷರಗಳನ್ನೂ ತಾರೀಖನ್ನೂ ಅದರ ಮೇಲೆ ಒತ್ತಿ ರದ್ದು ಮಾಡುತ್ತಿತ್ತು. ಈ ಎರಡನ್ನೂ ಗುರುತಿಸಿ ಅವರು ನೋಟ್‌ಬುಕ್ಕಿನಲ್ಲಿ ಬರೆಯುವರು. ಸ್ಟಾಂಪನ್ನು ಚಾಮಯ್ಯನಿಗೆ ವಾಪಸು ಕೊಡುವರು.

"ಒಟ್ಟಿಗೆ ತಂದರೆ ಒಂದೇ ದಿನ ಮುಗಿಸಬಹುದಲ್ಲಯ್ಯ?"

"ಅಷ್ಟನ್ನೂ ಒಂದ್ ದಿನ ನೋಡುದ್ರೆ ನಿಮ್ ಕಣ್ ಓಗಾಕಿಲ್ವಾ ಸಾ? ಈಗ್ಲೇ ರಾಣಿಗೂ ಗುಲಾಮನ್ಗೂ ಯತ್ವಾಸ ಗೊತ್ತಾಗಾಕಿಲ್ಲ ನಿಮ್ಗೆ."

ಊಟ, ಎಲೆಅಡಿಕೆ, ನಾಲ್ಕರ ಬಸ್ಸು. ಉಳಿದ ಇಪ್ಪತ್ತೊಂಬತ್ತು ದಿನ ಆ ಕೋಣೆಯಲ್ಲಿ ಮಾತು ಕೇಳಿಸುತ್ತಿರಲಿಲ್ಲ.

೨೦೦೦ದ ನವೆಂಬರಿನಲ್ಲಿ ಚಾಮಯ್ಯ ತಂದ ಸ್ಟಾಂಪಿನ ಮೇಲೆ ಕೆಂಪು ಅಂಕಿಗಳಿದ್ದವು. ಕ್ಯಾಟಲಾಗಿನಲ್ಲಿ ಅಂಥದು ಇರಲಿಲ್ಲ. ಶಂಭುಲಿಂಗಪ್ಪನವರು ಬಹಳ ಹೊತ್ತು ನೋಡಿ ಭೂತಗನ್ನಡಿ ಕೆಳಗಿಟ್ಟರು.

"ಇದು ಸುಳ್ಳು ಚಾಮಯ್ಯ. ದರ ಮೊದಲು ಬೀಳಬೇಕು, ರದ್ದು ಆಮೇಲೆ. ಇಲ್ಲಿ ರದ್ದಿನ ಕಪ್ಪಿನ ಮೇಲೆ ಕೆಂಪು ಕೂತಿದೆ. ಸತ್ತವನಿಗೆ ಬಾಸಿಂಗ ಕಟ್ಟಿದ ಹಾಗೆ. ಯಾರು ಕೊಟ್ಟರು?"

"ಯಾರೋ ಕೊಟ್ರು ಬುಡಿ ಸಾ."

"ನಿನಗೆ ಮೋಸ ಮಾಡಿದ್ದಾರೆ."

ಚಾಮಯ್ಯ ಊಟಕ್ಕೆ ನಿಲ್ಲಲಿಲ್ಲ. ಸ್ಟಾಂಪನ್ನೂ ಮೇಜಿನ ಮೇಲೆ ಬಿಟ್ಟುಹೋದರು. ಡಿಸೆಂಬರಿನಲ್ಲಿ ಬರಲಿಲ್ಲ, ಜನವರಿಯಲ್ಲೂ ಬರಲಿಲ್ಲ. ಎರಡು ಭಾನುವಾರವೂ ಶಂಭುಲಿಂಗಪ್ಪನವರು ಇಬ್ಬರಿಗೆ ಅನ್ನ ಮಾಡಿ, ಸಂಜೆ ಅರ್ಧವನ್ನು ಹಸುವಿಗೆ ಹಾಕಿದರು.

ಚಾಮಯ್ಯ ಬಾರದ ಕಾರಣ ಕೇಳಿದೆ. ಅವರು ನೋಟ್‌ಬುಕ್ಕಿನ ಮೊದಲ ಪುಟ ತೆರೆದು ತೋರಿಸಿದರು. ಚಾಮಯ್ಯ ಬಂದ ಮೊದಲ ದಿನ ಹೇಳಿದ್ದನ್ನು ಅವರೇ ಬರೆದುಕೊಂಡಿದ್ದರು: ಒಟ್ಟು ಎಪ್ಪತ್ತು. ಕೆಂಪು ಅಂಕಿಯದು ಎಪ್ಪತ್ತೊಂದನೆಯದು. ತೋರಿಸದೆ ಉಳಿದಿದ್ದ ಸ್ಟಾಂಪು ಅಕ್ಟೋಬರಿನಲ್ಲೇ ಮುಗಿದಿತ್ತು. ಬಸ್ಸು ಹತ್ತಲು ಬೇರೆ ನೆಪವಿಲ್ಲದೆ ಚಾಮಯ್ಯ ಹಳೆಯ ಸ್ಟಾಂಪೊಂದರ ಮೇಲೆ ತಾವೇ ಅಂಕಿ ಒತ್ತಿ ತಂದಿದ್ದರು.

"ಮುದ್ರೆ ನೋಡಿದೆ. ಲೆಕ್ಕ ನೋಡಲಿಲ್ಲ," ಎಂದರು ಶಂಭುಲಿಂಗಪ್ಪನವರು.

ಸುಮ್ಮನೆ ಬಾ ಎಂದು ಒಂದು ಕಾರ್ಡು ಬರೆಯಿರಿ ಎಂದೆ. ಹಾಗೆಲ್ಲ ಬರೆದು ಅಭ್ಯಾಸವಿಲ್ಲ ಎಂದರು. ಫೆಬ್ರವರಿಯ ಮೊದಲ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನರಸೀಪುರಕ್ಕೆ ತಾವೇ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಶಂಭುಲಿಂಗಪ್ಪನವರಲ್ಲ, ಮುಂದೆ ಯಾವಾಗಲೋ ಚಾಮಯ್ಯ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚಾಮಯ್ಯ ಎದ್ದು ಚಾಪೆ ಹಾಸಿದರು. ಇಬ್ಬರೂ ಕೆಂಪು ಸ್ಟಾಂಪಿನ ಮಾತೆತ್ತಲಿಲ್ಲ. ಕಾಫಿ ಮುಗಿಯಿತು.

"ಇನ್ನೇನ್ ತರಾನ ಸಾ. ಎಲ್ಲಾ ಮುಗಿದೋಯ್ತು," ಎಂದರು ಚಾಮಯ್ಯ.

"ಮೊದಲನೆಯದನ್ನು ತಗೊಂಡು ಬಾ. ಅದರ ತಾರೀಖು ತಪ್ಪು ಓದಿದ್ದೇನೆ."

"ನೀವು ತಪ್ಪು ಓದೀರಾ?"

"ಓದಿದ್ದೇನೆ. ಮೊದಲನೆಯದೇ ತಪ್ಪಾದರೆ ಉಳಿದವನ್ನು ನಂಬುವುದು ಹೇಗೆ? ಎಲ್ಲವನ್ನೂ ಮತ್ತೆ ನೋಡಬೇಕು. ಒಂದೊಂದಾಗಿ ತಾ, ನನ್ನ ಕಣ್ಣು ಸೋತಿದೆ."

ಚಾಮಯ್ಯ ಮಾರ್ಚಿನಲ್ಲಿ ಬಂದರು.

ಎರಡನೆಯ ಸುತ್ತು ಮೂವತ್ತೆಂಟರವರೆಗೆ ನಡೆಯಿತು. ೨೦೦೪ರ ಮಳೆಗಾಲದಲ್ಲಿ ಚಾಮಯ್ಯ ತೀರಿಕೊಂಡರು. ಶಂಭುಲಿಂಗಪ್ಪನವರು ಇನ್ನೂ ಎರಡು ವರ್ಷ ಇದ್ದರು. ಆಗಲೂ ಮೊದಲ ಭಾನುವಾರ ಇಬ್ಬರಿಗೆ ಅನ್ನ ಮಾಡುತ್ತಿದ್ದರು. ಅಭ್ಯಾಸ ಎನ್ನುತ್ತಿದ್ದರು.

ನೋಟ್‌ಬುಕ್ಕು ಈಗ ನನ್ನ ಬಳಿ ಇದೆ. ಎರಡು ಸುತ್ತಿನ ಬರಹವನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿದ್ದೇನೆ. ಮೊದಲ ಸಲದ ಓದಿನಲ್ಲಿ ಒಂದು ತಪ್ಪೂ ಇಲ್ಲ.