ಎರಡು ಮಹಡಿಗಳ ನಡುವಿನ ಮಾತು

ಬೆಳಗಿನ ಆರೂವರೆ. ಎಂಟು ಮಹಡಿಯ ಕಚೇರಿ ಕಟ್ಟಡದಲ್ಲಿ ಇನ್ನೂ ದೀಪ ಹತ್ತಿಲ್ಲ. ಹಳೆಯ ಲಿಫ್ಟಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತವರೊಬ್ಬರು ಗುಂಡಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಎದುರಿನ ಕನ್ನಡಿಗೆ ಹೇಳುತ್ತಿದ್ದಾರೆ: "ಗುಡ್ ಮಾರ್ನಿಂಗ್ ಸರ್. ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ನೈನ್‌ಟೀನ್ ಇಯರ್ಸ್." ಅಷ್ಟು ಹೇಳಿ ನಿಲ್ಲುತ್ತಾರೆ. ಕಣ್ಣು ಬಾಗಿಲಿನತ್ತ ಹೋಗುತ್ತದೆ. ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಲಿಫ್ಟ್ ಹೊರಟೇ ಇಲ್ಲ.

"ನೋಡಿದ್ರಾ? ಇದೇ ನನ್ನ ರೋಗ," ಎಂದು, ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ.

ಕಟ್ಟಡದವರೆಲ್ಲ ಇವರನ್ನು ಲಿಫ್ಟಣ್ಣ ಎಂದೇ ಕರೆಯುತ್ತಾರೆ. ಈ ತಿಂಗಳ ಕೊನೆಗೆ ಇಲ್ಲಿ ಹೊಸ ಲಿಫ್ಟ್ ಬರುತ್ತದೆ, ಹತ್ತಿದವರೇ ಗುಂಡಿ ಒತ್ತಿಕೊಳ್ಳುವಂಥದ್ದು. ಅದರಲ್ಲಿ ಸ್ಟೂಲಿಗೆ ಜಾಗವಿಲ್ಲ. ಕೆಳಗೆ ಸ್ವಾಗತದ ಮೇಜಿನಲ್ಲಿ ಒಂದು ಕೆಲಸ ಖಾಲಿ ಇದೆ. ಆದರೆ ಅಲ್ಲಿಗೆ ಬರುವವರಲ್ಲಿ ಹೊರದೇಶದವರು ಬಹಳ. ಹಾಗಾಗಿ ಮ್ಯಾನೇಜರರ ಎದುರು ಹತ್ತು ನಿಮಿಷ ಇಂಗ್ಲಿಷಿನಲ್ಲೇ ಮಾತಾಡಿ ತೋರಿಸಬೇಕು. ಸಂದರ್ಶನ ನಾಳೆ.

ಇಂಗ್ಲಿಷ್ ಬರುವುದಿಲ್ಲ ಎಂದೇನಲ್ಲ. ಎರಡು ವರ್ಷದಿಂದ ಸಂಜೆ ತರಗತಿಗೆ ಹೋಗುತ್ತಿದ್ದಾರೆ. ಆಗಿಹೋದದ್ದು, ಆಗುತ್ತಲೇ ಇರುವುದು, ಆಗಬೇಕಿತ್ತು ಎನ್ನುವುದು, ಹೀಗೆ ವ್ಯಾಕರಣದ ಕಾಲರೂಪಗಳೆಲ್ಲವೂ ಗೊತ್ತು. ಆದರೆ ಕಲಿತದ್ದನ್ನು ರೂಢಿ ಮಾಡಿಕೊಂಡದ್ದು ಲಿಫ್ಟಿನಲ್ಲಿ. ಹತ್ತಿದವರಿಗೆ ಮಳೆಯ ಬಗ್ಗೆ ಒಂದು ಮಾತು, ಭಾನುವಾರ ಹೇಗಿತ್ತೆಂದು ಒಂದು ಪ್ರಶ್ನೆ. ಉತ್ತರ ಬರುವಷ್ಟರಲ್ಲಿ ಬಾಗಿಲು ತೆರೆದು ಅವರು ಇಳಿದಿರುತ್ತಾರೆ. ದಿನಕ್ಕೆ ನೂರಾರು ಜನ; ಎಲ್ಲರ ಜೊತೆಗೂ ಒಂದೊಂದು ಮಹಡಿಯಷ್ಟೇ ಮಾತು. ಈಗ ಬಾಗಿಲು ಕಣ್ಣಿಗೆ ಬಿದ್ದರೆ ಸಾಕು, ನಾಲಿಗೆ ಕಚ್ಚಿಕೊಂಡಂತೆ ನಿಂತುಬಿಡುತ್ತದೆ.

ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಡತಿ ದಿನಾ ರಾತ್ರಿಯ ಊಟಕ್ಕೆ ಮುಂಚೆ ತನ್ನ ತಾಯಿಯ ಕನ್ನಡಕ ಹಾಕಿಕೊಂಡು, ಅಭ್ಯಾಸಕ್ಕೆಂದು ಮ್ಯಾನೇಜರ್ ಆಗುತ್ತಾರೆ. ನಿನ್ನೆ ರಾತ್ರಿ ಅವರ ಮನೆಗೆ ಹೋದ ನನಗೆ ಆಕೆಯೇ ಇದನ್ನು ಹೇಳಿದ್ದು.

"'ಹೂಂ, ಆಮೇಲೆ?' ಅಂತೀನಿ. ಇವರು ಬಸ್ ಕಾಯೋರ ಥರ ಬಾಗಿಲು ನೋಡ್ಕೊಂಡು ಕೂತಿರ್ತಾರೆ. ಮೊನ್ನೆ ಒಂದು ವಾಕ್ಯ ಮುಗಿಸಿ ನನ್ನ ಮೂಗನ್ನೇ ಗುಂಡಿ ಅನ್ಕೊಂಡು ಒತ್ತೋಕೆ ಬಂದ್ರು!"

ಮಂಚದ ಮೇಲಿನಿಂದ ಅತ್ತೆ ಕೇಳುತ್ತಾರೆ: "ಅಲ್ಲ ಕಣೇ, ಅಳಿಯಂದ್ರು ದಿನಾ ಯಾರಿಗೆ ಬೈತಾರೆ?"

ಲಿಫ್ಟಣ್ಣ ನಗುತ್ತಾರೆ. ಹೆಂಡತಿ ಒಲೆಯ ಕಡೆ ಹೋದಾಗ ದನಿ ತಗ್ಗಿಸುತ್ತಾರೆ. "ಕೆಲಸ ಹೋದ್ರೆ ಇವಳ ಮಷೀನ್ ಒಂದೇ ಗತಿ. ಇವಳಿಗೆ ಈಗಲೇ ಸೂಜಿಗೆ ದಾರ ಹಾಕೋಕೆ ಕಣ್ಣು ಕಾಣಲ್ಲ. ಅದನ್ನ ಮ್ಯಾನೇಜರ್ ಮುಂದೆ ಹೇಗೆ ಹೇಳ್ಲಿ? ಅದೂ ಇಂಗ್ಲಿಷಲ್ಲಿ!"

ನಾಳೆಯ ಚಿಂತೆಯಲ್ಲೇ ಇಂದು ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟ್ ಮೇಲೇರುತ್ತಿದೆ. ಒಳಗೆ ನಾವು ಮೂವರು: ಲಿಫ್ಟಣ್ಣ, ನಾನು ಮತ್ತು ಲೆಕ್ಕಪತ್ರ ಪರಿಶೀಲನೆಗೆಂದು ಹೊರದೇಶದಿಂದ ಬಂದಿರುವ ಮಹಿಳೆ. ನಾಲ್ಕು ದಾಟಿ ಐದು ಬರುವ ಮುಂಚೆ ಒಂದು ಕುಲುಕು, ಕತ್ತಲೆ, ನಿಶ್ಶಬ್ದ. ಆ ಮಹಿಳೆ ಗೋಡೆಗೆ ಅಂಟಿ ಜೋರಾಗಿ ಉಸಿರೆಳೆಯುತ್ತಾರೆ.

ಲಿಫ್ಟಣ್ಣ ಗಂಟೆ ಒತ್ತಿ ಮಾತು ಶುರುಮಾಡುತ್ತಾರೆ. ಹೆದರಬೇಡಿ, ಮೆಕ್ಯಾನಿಕ್ ಪಕ್ಕದ ಬೀದಿಯಲ್ಲೇ ಇದ್ದಾನೆ, ಈ ಲಿಫ್ಟ್ ಇಷ್ಟು ವರ್ಷದಲ್ಲಿ ಮುನಿಸಿಕೊಂಡಿದೆಯೇ ಹೊರತು ಬಿದ್ದಿಲ್ಲ ಎನ್ನುತ್ತಾರೆ. ಎಲ್ಲವೂ ಇಂಗ್ಲಿಷಿನಲ್ಲಿ, ಅಲ್ಲಲ್ಲಿ ತಪ್ಪು ಮಾಡಿಕೊಂಡು, ಆದರೆ ನಿಲ್ಲದೆ. ಆಮೇಲೆ ಅತ್ತೆಯ ಕಥೆ. ಮೊದಲ ಸಲ ಲಿಫ್ಟ್ ಹತ್ತಿದ ದಿನ ಅವರು ಇದೊಂದು ಕೋಣೆ ಎಂದುಕೊಂಡು ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದರಂತೆ. ಕತ್ತಲಲ್ಲಿ ಆ ಮಹಿಳೆ ನಕ್ಕದ್ದು ಕೇಳಿಸುತ್ತದೆ. "ವಿ ರೀಚ್ಡ್ ದಿ ಸಿಕ್ಸ್ತ್ ಫ್ಲೋರ್," ಎನ್ನುತ್ತಾರೆ ಲಿಫ್ಟಣ್ಣ, "ದೆನ್ ಮೈ ಮದರ್ ಇನ್ ಲಾ ಸೆಡ್..."

ಅಷ್ಟರಲ್ಲಿ ದೀಪ ಬರುತ್ತದೆ, ಲಿಫ್ಟ್ ಐದಕ್ಕೆ ಏರುತ್ತದೆ, ಬಾಗಿಲು ತೆರೆಯುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ.

"ಎಸ್? ವಾಟ್ ಡಿಡ್ ಶಿ ಸೇ?" ಆ ಮಹಿಳೆ ಇಳಿಯದೆ ಕಾಯುತ್ತಾರೆ. ಲಿಫ್ಟಣ್ಣನ ಬೆರಳು ಆಗಲೇ ಗುಂಡಿಯ ಮೇಲಿದೆ. ಆಕೆ ಅವರ ಕೈ ಕುಲುಕಿ ಇಳಿದು ಹೋಗುತ್ತಾರೆ.

"'ನನ್ನ ಚಪ್ಪಲಿ ಎಲ್ಲಿ' ಅಂದ್ರು, ಅಷ್ಟೇ ಇದ್ದಿದ್ದು," ಎಂದು ಸ್ಟೂಲಿನ ಮೇಲೆ ಕುಸಿಯುತ್ತಾರೆ. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ನೋಡುತ್ತಾರೆ. "ಆದ್ರೂ ಕತ್ತಲಲ್ಲಿ ಅಷ್ಟು ಹೊತ್ತು ಮಾತಾಡಿದ್ದು ನಾನೇ ಅಲ್ವಾ?"

ಹೌದು ಎನ್ನುತ್ತೇನೆ.

"ಹಂಗಾದ್ರೆ ನಾಳೆ ಒಳಗೆ ಹೋದ ತಕ್ಷಣ ಒಂದೇ ಒಂದು ಕೇಳ್ಕೋತೀನಿ. ಕುರ್ಚಿನ ಬಾಗಿಲಿಗೆ ಬೆನ್ನು ಬರೋ ಹಾಗೆ ಹಾಕ್ಕೊಳ್ಲಾ ಅಂತ." ಮತ್ತೆ ಕನ್ನಡಿಯ ಕಡೆ ತಿರುಗಿ ಮನಸ್ಸಿನಲ್ಲೇ ಅದನ್ನು ಇಂಗ್ಲಿಷಿಗೆ ಜೋಡಿಸಿ ನೋಡುತ್ತಾರೆ. "ಚಿಕ್ಕ ವಾಕ್ಯ. ಒಂದು ಮಹಡಿ ಒಳಗೆ ಮುಗಿಯುತ್ತೆ."