ಗುಣಪಾಲನ ಹಳದಿ ಕೈ

೨೦೦೧ರ ಡಿಸೆಂಬರಿನಲ್ಲಿ ಗುಣಪಾಲ ನನ್ನ ಮನೆಯ ಮೆಟ್ಟಿಲ ಬಳಿ ನಿಂತು, “ಅಕ್ಕಾ, ಒಂದು ಹಿಡಿಸೂಡಿ ಉಂಟಾ? ಗುಡಿಸಿ ಈಗ ತಂದುಕೊಡ್ತೇನೆ” ಎಂದ. ನಾಯ್ಮಾರ್ಮೂಲೆಯಲ್ಲಿ ನನ್ನ ಮನೆಯ ಎದುರಿಗೆ ಕಬಡ್ಡಿ ಸಂಘದ ಶೆಡ್ಡು. ಮೊಣಕಾಲು ಮುರಿದು ಆಟ ಬಿಟ್ಟ ಗುಣಪಾಲ ಅದನ್ನು ನೋಡಿಕೊಳ್ಳಲು ಬಂದಿದ್ದ. ಹಿಡಿಸೂಡಿ ಮರಳಿ ಬಂದದ್ದು ಮೂರನೆಯ ದಿನ, ಸಡಿಲಾಗಿದ್ದ ಕಟ್ಟು ಬಿಗಿಯಾಗಿ.

ಅವನಿಗೆ ಒಂದೇ ಆಸೆ. ತಾನು ಹಾಸಿದ ಮ್ಯಾಟಿನ ಮೇಲೆ ಹೊರದೇಶದವರು ಆಡುವುದನ್ನು ನೋಡಬೇಕು.

೨೦೦೯ರಲ್ಲಿ ಅದು ಕೂಡಿಬಂತು. ಮಂಗಳೂರಿನ ಅಂತರರಾಷ್ಟ್ರೀಯ ಪಂದ್ಯಕ್ಕೆ ಬಂದ ಒಂದು ಹೊರದೇಶದ ತಂಡ ನಮ್ಮ ಶೆಡ್ಡಿನಲ್ಲಿ ನಾಲ್ಕು ದಿನ ಅಭ್ಯಾಸ ಮಾಡುವುದೆಂದಾಯಿತು. ಆದರೆ ಆ ವರ್ಷ ಲೋಕವಿಡೀ ಹಂದಿಜ್ವರ. ಇಂಥ ಹೊತ್ತಿನಲ್ಲಿ ಇಂಡಿಯಾದಲ್ಲಿ ಪಂದ್ಯ ಇಡುವುದೇ ಹುಚ್ಚು ಎಂದು ಅವರ ದೇಶದ ಪೇಪರಿನಲ್ಲಿ ಬರೆದಿದ್ದರಂತೆ. ನಮ್ಮೂರ ಶಾಲೆಯ, ಇಂಗ್ಲಿಷ್ ಬಲ್ಲ ಚಿತ್ರಾ ಟೀಚರು ಹೇಳಿದ್ದು.

ಗುಣಪಾಲ ಮ್ಯಾಟನ್ನು ಸೋಪುನೀರಿನಲ್ಲಿ ತೊಳೆದ. ಅವನಿಗೆ ಅದು ಸಾಲದೆನಿಸಿತು. “ಅಕ್ಕಾ, ಸೂತಕ ಕಳೆದ ಮನೆಗೆ ಹಾಕ್ತೇವಲ್ಲ, ಹಾಗೆ ಸ್ವಲ್ಪ ಅರಸಿನದ ನೀರೂ ಹಾಕುವ” ಎಂದ. ನಾನು ಅರಸಿನ ಕೊಂಬು ನೆನೆಹಾಕಿ ಅರೆದು ಕೊಟ್ಟೆ. ಅವನು ಬರಿಗೈಯಲ್ಲಿ ಕಲಸಿ ಚಿಮುಕಿಸಿ, ಬಟ್ಟೆಯಿಂದ ಒರೆಸಿದ.

ಮರುದಿನ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ತಂಡ ಬಂತು. ಗುಣಪಾಲ ಕೈ ಮುಂದೆ ಚಾಚಿದ. ಮೊಣಕೈವರೆಗೆ ಹಳದಿ. ಅವರ ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದು ಎಲ್ಲರನ್ನೂ ಬಸ್ಸಿಗೆ ಹತ್ತಿಸಿದ.

“ಕೈಯ ಹಳದಿ ನೋಡಿ ನಿಮಗೆ ಕಾಯಿಲೆ ಉಂಟು ಅಂತ ಹೇಳ್ತಾರೆ. ಇಲ್ಲಿ ಆಡುವುದಿಲ್ಲವಂತೆ” ಎಂದರು, ಅವರ ಮಾತು ತಿಳಿಸಲು ಬಂದಿದ್ದ ಟೀಚರು.

“ನನಗೆ ಎಂತ ಕಾಯಿಲೆ ಟೀಚರೇ? ಕಾಲೊಂದು ಕುಂಟುವುದು ಬಿಟ್ಟರೆ?” ಎಂದ. ಶೆಡ್ಡಿನ ಬಾಗಿಲಲ್ಲಿ ಕುಳಿತುಬಿಟ್ಟ.

ನಾನು ಮನೆಗೆ ಹೋಗಿ, ಉಳಿದ ಅರಸಿನದ ಬಟ್ಟಲು ತಂದೆ. ಬಸ್ಸಿನ ಬಾಗಿಲಲ್ಲಿ ನಿಂತು ನನ್ನ ಕೈಯನ್ನು ಅದರಲ್ಲಿ ಅದ್ದಿ ತೋರಿಸಿದೆ. ಮ್ಯಾನೇಜರ್ ನನ್ನ ಕೈ ನೋಡಿದ, ಗುಣಪಾಲನ ಕೈ ನೋಡಿದ. ಮಾಸ್ಕ್ ಇಳಿಸಿ ಬಟ್ಟಲು ಮೂಸಿದ. ಕೊನೆಗೆ ತಾನೇ ಒಂದು ಬೆರಳು ಅದ್ದಿದ.

ಸೋಪು ಹಾಕಿ ಎಷ್ಟು ಉಜ್ಜಿದರೂ ಆ ಬೆರಳಿನ ಬಣ್ಣ ಹೋಗಲಿಲ್ಲ. ಬಸ್ಸಿನೊಳಗೆ ಹುಡುಗರು ನಕ್ಕರು, ಒಬ್ಬೊಬ್ಬರಾಗಿ ಇಳಿದರು.

ನಾಲ್ಕು ದಿನವೂ ಗುಣಪಾಲ ಗೆರೆಯ ಹೊರಗೆ ನಿಂತೇ ನೋಡಿದ. ಹೊರಡುವಾಗ ಮ್ಯಾನೇಜರ್ ಉಗುರಿನಂಚಿನಲ್ಲಿ ಇನ್ನೂ ಹಳದಿ ಉಳಿದಿದ್ದ ತನ್ನ ಬೆರಳಿನ ಫೋಟೋ ತೆಗೆಸಿಕೊಂಡ, ಹುಚ್ಚು ಎಂದು ಬರೆದ ಆ ಪೇಪರಿನವರಿಗೇ ಕಳುಹಿಸುತ್ತಾನಂತೆ.

೨೦೧೨ರಲ್ಲಿ ಗುಣಪಾಲನನ್ನು ದೇಲಂಪಾಡಿಯ ಹೊಸ ಶೆಡ್ಡಿಗೆ ಕರೆದರು. ಹೊರಟ ದಿನ ಅದೇ ಮೆಟ್ಟಿಲ ಬಳಿ ನಿಂತು, “ಅಕ್ಕಾ, ಅಲ್ಲಿಗೂ ಹೊರಗಿನವರು ಬರುವುದುಂಟಂತೆ. ಮೊದಲೇ ಒಂದು ಬಟ್ಟಲು ಅರಸಿನ ಬಾಗಿಲಲ್ಲಿ ಇಟ್ಟರೆ ಹೇಗೆ?” ಎಂದು ಕೇಳಿದ.