ಅಂಗಾಲಿನ ಪಾಠ

ಹಳಿಯಾಳದ ಮನ್ಸೂರ ಮಿಸ್ತ್ರಿ ಯಾವ ಗಾಡಿಯನ್ನೇ ಪರೀಕ್ಷೆಗೆ ಹತ್ತಲಿ, ಮೊದಲು ಚಪ್ಪಲಿ ಬಿಡುತ್ತಾನೆ. ಮಸೀದಿಗೆ ಹೊಕ್ಕಂತೆ ಹೊಗುತ್ತಾನೆ ಎಂದು ಊರವರು ನಗುತ್ತಾರೆ. ನಗಲಿ ಪಾಪ, ಕಬ್ಬಿನ ಹಂಗಾಮು ಶುರುವಾದರೆ ಅವರ ಟ್ರ್ಯಾಕ್ಟರುಗಳೇ ಅವನ ಗ್ಯಾರೇಜಿನ ಮುಂದೆ ಸಾಲುಗಟ್ಟುತ್ತವೆ. ಬರಿಗಾಲನ್ನು ಪೆಡಲಿನ ಮೇಲಿಟ್ಟು, ಕಣ್ಣು ಮುಚ್ಚಿ, ಎಂಜಿನ್ನಿಗೆ ಎಲ್ಲಿ ನೋವು ಎಂದು ಹೇಳಿಬಿಡುವವನು ಅವನು. "ಮೀಟರ್ ಸುಳ್ಳ ಹೇಳ್ತೈತಿ, ಅಂಗಾಲ ಹೇಳೂದಿಲ್ಲ" ಎಂಬುದು ಅವನ ಬಾಯಿಪಾಠ.

ಮಗ ಜಾಹಿದನಿಗೆ ಮೀಸೆ ಮೂಡುವ ಮೊದಲೇ ಅವನು ಈ ಪಾಠ ಕಲಿಸಿದ್ದ. ಹಳೆಯ ಜೀಪಿನ ಮೀಟರಿಗೆ ಚಿಂದಿ ಬಟ್ಟೆ ಹೊದಿಸಿ, ಹತ್ತಿರದ ರಾಮನಗರದ ಕಡೆಯ ಏರು ದಾರಿಯಲ್ಲಿ ಬರಿಗಾಲಲ್ಲಿ ಓಡಿಸಲು ಹಚ್ಚುತ್ತಿದ್ದ. ಬಟ್ಟೆ ಸರಿಸಿ ಇಣುಕಿದರೆ ತಲೆಗೊಂದು ಮೊಟಕು. ಹುಡುಗನ ತಾಯಿ ರಹೀಮುನ್ನಿಸಾ ಬೈದರೂ ಮಿಸ್ತ್ರಿ ಕೇಳುವ ಪೈಕಿಯಲ್ಲ.

ಹೀಗೆ ಕಲಿತವನು ಮುಂದೆ ಪೈಲಟ್ ಆದ. ಹೇಗಾದ ಎಂಬುದು ಬೇರೆಯೇ ಕತೆ. ಆದ, ಅಷ್ಟು ಸಾಕು. ಸಣ್ಣ ಊರುಗಳಿಗೆ ಹಾರುವ, ರೆಕ್ಕೆಗೊಂದರಂತೆ ಎರಡು ಪಂಖ ತಿರುಗುವ ವಿಮಾನ ಅವನದು. ಅದಕ್ಕೂ ಕಾಲೇ ಬೇಕು. ಎಂಜಿನ್ನಿಗೆ ಜೋರು ಕೊಟ್ಟರೆ ಪಂಖದ ಎಳೆತಕ್ಕೆ ಮೂತಿ ಒಂದು ಪಕ್ಕಕ್ಕೆ ವಾಲುತ್ತದೆ. ಕೂಡಲೇ ಪೆಡಲ್ ಒತ್ತಿ ಹಿಡಿಯಬೇಕು. ಜಾಹಿದನ ಕಾಲು ತಲೆಗಿಂತ ಮೊದಲೇ ಒತ್ತಿರುತ್ತಿತ್ತು. ಜೊತೆಯವರು ಹೊಗಳಿದ್ದನ್ನು ಅವನು ಅಬ್ಬಾನಿಗೆ ಫೋನಿನಲ್ಲಿ ಹೇಳುತ್ತಿದ್ದ, ಅಬ್ಬಾ ಪಕ್ಕದ ಸಾಂಬ್ರಾಣಿ ಹಳ್ಳಿಯಿಂದ ಬಂದ ರೈತರಿಗೆಲ್ಲ, ಅವರು ಕೇಳಲಿ ಬಿಡಲಿ, ಹೇಳುತ್ತಿದ್ದ.

ಹೋದ ವರ್ಷ ಕಂಪನಿ ಪಂಖದ ವಿಮಾನಗಳನ್ನೆಲ್ಲ ಕೈಬಿಟ್ಟಿತು. ಇನ್ನು ಎಲ್ಲರೂ ದೊಡ್ಡ ಜೆಟ್ ಕಲಿಯಬೇಕು. ಕಲಿತವರಿಗೆ ಸೀಟು, ಕಲಿಯದವರಿಗೆ ಮನೆ. ಜಾಹಿದ ನಗುತ್ತಲೇ ತರಬೇತಿಗೆ ಹೋದ.

ಜೆಟ್ಟಿನ ಸ್ವಭಾವವೇ ಬೇರೆಯಾಗಿತ್ತು. ಅದರ ಮೂತಿ ನೇರ ಹಿಡಿಯುವುದು ಕಂಪ್ಯೂಟರಿನ ಕೆಲಸ. ಎರಡೂ ಎಂಜಿನ್ ಸರಿಯಿರುವಾಗ ಪೈಲಟ್ ಕಾಲನ್ನು ಸುಮ್ಮನಿಡಬೇಕು. ಎಂಜಿನ್ನಿನ ಜೋರು ತಾನಾಗಿ ಏರಿ ಇಳಿದರೂ ಕೈಯಡಿಯ ಲಿವರ್ ಮಿಸುಕುವುದಿಲ್ಲ. ಏನಾಗುತ್ತಿದೆ ಎಂದು ತಿಳಿಯಲು ಎದುರಿನ ಪರದೆ ನೋಡಬೇಕು. ಅಬ್ಬಾ ಚಿಂದಿ ಹೊದಿಸಿ ಮುಚ್ಚಿದ್ದನ್ನೇ ಈಗ ನಂಬಬೇಕು.

ನೆಲದ ಮೇಲೆಯೇ ಹಾರಾಟ ಮಾಡಿಸುವ ಸಿಮ್ಯುಲೇಟರಿನಲ್ಲಿ ಕಲಿಸುವವರು ಕ್ಯಾಪ್ಟನ್ ನಿರ್ಮಲಾ, ತಾಳ್ಮೆಯ ಹೆಂಗಸು.

"ಜಾಹಿದ್, ಮತ್ತೆ ಕಾಲು," ಎನ್ನುತ್ತಿದ್ದರು.

"ಸಾರಿ ಮೇಡಂ, ಒತ್ತಿದ್ದು ನನಗೇ ಗೊತ್ತಾಗಲಿಲ್ಲ."

ಗೊತ್ತಾಗುತ್ತಿರಲಿಲ್ಲ ನಿಜ. ದಪ್ಪ ಅಟ್ಟೆಯ ಬೂಟು ಹಾಕಿ ನೋಡಿದ. ಹೆಬ್ಬೆರಳು ಮಡಚಿ ಕೂತು ನೋಡಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಇದು ಹುಟ್ಟುಗುಣವೂ ಅಲ್ಲ, ಮೊಟಕು ತಿಂದು ಕಲಿತದ್ದು, ಇನ್ನೂ ಗಟ್ಟಿ. ಮೊದಲ ಪರೀಕ್ಷೆಯಲ್ಲಿ ನಪಾಸಾದ. ಇನ್ನೊಂದೇ ಅವಕಾಶವಿತ್ತು.

ಆ ಎರಡನೆಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆದು ರನ್‌ವೇ ಕಣ್ಣೆದುರಿಗೆ ಬಂದಿತ್ತು. ಆಗ ಇಳಿಯಬೇಡಿ, ಮತ್ತೆ ಮೇಲೇರಿ ಎಂಬ ಆಜ್ಞೆ. ಜಾಹಿದ ಲಿವರ್ ಮುಂದಕ್ಕೆ ತಳ್ಳಿದ, ಎಂಜಿನ್ನು ಗರ್ಜಿಸಿತು. ಆ ಗರ್ಜನೆ ಕಿವಿಗೆ ಬಿದ್ದದ್ದೇ ತಡ, ಕಾಲು ಪೆಡಲನ್ನು ಬಲವಾಗಿ ಒತ್ತಿತು. ನೆಟ್ಟಗಿದ್ದ ವಿಮಾನ ಸೊಟ್ಟಗಾಗಿ ರೆಕ್ಕೆ ನೆಲದತ್ತ ವಾಲಿತು. ನಿರ್ಮಲಾ ಈ ಸಲ ಕಾಲಿನ ಮಾತೆತ್ತಲಿಲ್ಲ. ಸಿಮ್ಯುಲೇಟರ್ ನಿಲ್ಲಿಸಿ, ಅವನ ಭುಜ ಮುಟ್ಟಿ, "ನನಗೆ ತುಂಬ ಬೇಜಾರಾಗ್ತಿದೆ" ಎಂದರು. ಮೂವತ್ತೆಂಟರ ಹರೆಯದಲ್ಲಿ ಅವನ ಹಾರಾಟ ಅಲ್ಲಿಗೆ ಮುಗಿಯಿತು.

ಹಳಿಯಾಳಕ್ಕೆ ಬಸ್ಸಿನಲ್ಲಿ ಬಂದ. ಗ್ಯಾರೇಜಿನಲ್ಲಿ ಟ್ರ್ಯಾಕ್ಟರೊಂದರ ಬಾನೆಟ್ ತೆರೆದಿತ್ತು. ಮಿಸ್ತ್ರಿ ಡೀಸೆಲ್ಲಿನ ಕೈ ಒರೆಸಿಕೊಳ್ಳುತ್ತ ಬಂದು ಮಗನ ಮುಖ ನೋಡಿದ. ಹೇಳುವುದೇ ಬೇಕಾಗಲಿಲ್ಲ.

"ಎಲ್ಲಿ ತಪ್ಪಿತೋ ಬೇಟಾ?"

ನೀ ಕಲಿಸಿದ್ದೇ ತಪ್ಪಿಸಿತು ಎಂಬ ಮಾತು ಜಾಹಿದನ ನಾಲಿಗೆಯ ತುದಿಗೆ ಬಂದಿತ್ತು. ದಾರಿಯುದ್ದಕ್ಕೂ ಅದನ್ನೇ ಮಸೆದುಕೊಂಡು ಬಂದಿದ್ದ, ಸಿಟ್ಟೂ ಇತ್ತು. ಕೆಳಗೆ ನೋಡಿದ. ಎಣ್ಣೆ ಹಿಡಿದು ಕಪ್ಪಾದ, ಹಿಮ್ಮಡಿ ಬಿರಿದ ಅಬ್ಬಾನ ಬರಿಗಾಲುಗಳು. ಆ ಮುದುಕನ ಹತ್ತಿರ ಮಗನಿಗೆ ಕೊಡಲು ಇದ್ದ ಒಂದೇ ಒಂದು ವಿದ್ಯೆ ಅದು.

"ಬೂಟ ಹಾಕ್ಕೊಂಡಿದ್ನಿ ಅಬ್ಬಾ. ಕಾಲಿಗೆ ತಿಳೀಲಿಲ್ಲ. ನೀ ಹೇಳಿದ್ದು ಮರ್ತಬಿಟ್ಟೆ."

ಮಿಸ್ತ್ರಿ ಹಣೆ ಬಡಿದುಕೊಂಡ. "ಎಷ್ಟ ಸರೆ ಹೇಳೇನಿ ನಿನಗ! ಸಣ್ಣಾವ ಇದ್ದಾಗಿಂದ ಬಡಕೊಂಡೇನಿ. ಮರೀತಾರೇನು ಅದನ್ನ?" ಕಣ್ಣು ತುಂಬಿ ಬಂದವು. ಮುಖ ತಿರುಗಿಸಿ ಟ್ರ್ಯಾಕ್ಟರನ್ನು ಚಾಲೂ ಮಾಡಿದ. "ಬಿಚ್ಚು ಬೂಟ. ಹತ್ತು ಮ್ಯಾಲ."

ಜಾಹಿದ ಬೂಟು, ಕಾಲುಚೀಲ ಬಿಚ್ಚಿ ಹತ್ತಿದ. ಪೆಡಲಿನ ಮೇಲೆ ಕಾಲಿಟ್ಟ. ಎಂಜಿನ್ನಿನ ನಡುಕ ಅಂಗಾಲಿನಿಂದ ಮೊಣಕಾಲಿಗೆ ಏರಿತು. ಯಾವ ಸಿಲಿಂಡರ್ ಸೋತಿದೆ ಎಂಬುದು ಕೂಡ ತಿಳಿಯಿತು. ಎಂಥ ನಿರುಪಯೋಗಿ ಕಾಲು ಎಂದು ಅವನಿಗೆ ಎದೆ ಒಡೆಯುವಷ್ಟು ದುಃಖವಾಯಿತು.

"ತಿಳೀತೇನು?" ಕೆಳಗಿನಿಂದ ಮಿಸ್ತ್ರಿ ಕೂಗಿದ.

"ತಿಳೀತು ಅಬ್ಬಾ."

"ಹಾಂ. ಇನ್ನೊಮ್ಮೆ ಪರೀಕ್ಷಾಕ್ಕ ಹೋದಾಗ ಬೂಟ ಬಿಚ್ಚೇ ಕುಂದ್ರು. ಯಾರ ಏನಂದ್ರೂ ಕೇಳಬ್ಯಾಡ."

"ಹೂಂ," ಎಂದ ಜಾಹಿದ. ಇನ್ನೊಂದು ಪರೀಕ್ಷೆ ಇಲ್ಲ ಎಂಬುದನ್ನು ಅವನು ಇನ್ನೂ ಹೇಳಿರಲಿಲ್ಲ.